ಶ್ರೀರಂಗಪಟ್ಟಣಕ್ಕೆ ಒಂದು ಇಡೀ ದಿನ: ಬೆಂಗಳೂರಿನಿಂದ ಹೊರಡುವವರಿಗೆ ಮಾರ್ಗದರ್ಶಿ

ಬೆಂಗಳೂರಿನಿಂದ ಮೈಸೂರಿಗೆ ಹೊರಟವರು ದಾರಿಯಲ್ಲಿ ಸಿಗುವ ಶ್ರೀರಂಗಪಟ್ಟಣವನ್ನು ಒಂದು ಗಂಟೆಯಲ್ಲಿ ಮುಗಿಸುವುದು ವಾಡಿಕೆಯಾಗಿಬಿಟ್ಟಿದೆ. ರಂಗನಾಥನ ದರ್ಶನ, ದರಿಯಾ ದೌಲತ್ ಬಾಗಿನ ಮುಂದೆ ಒಂದು ಫೋಟೊ, ಅಲ್ಲಿಂದ ನೇರವಾಗಿ ಮೈಸೂರು ಅರಮನೆ. 1610ರಿಂದ 1799ರವರೆಗೆ ಮೈಸೂರು ರಾಜ್ಯದ ರಾಜಧಾನಿಯಾಗಿದ್ದ ಊರಿಗೆ ಇದು ನ್ಯಾಯವಲ್ಲ. ಒಡೆಯರ ಸಿಂಹಾಸನ ಮೊದಲು ನೆಲೆನಿಂತದ್ದು, ಮೈಸೂರು ದಸರೆಯ ಪರಂಪರೆ ಶುರುವಾದದ್ದು, ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನರು ಆಳಿದ್ದು ಎಲ್ಲವೂ ಕಾವೇರಿಯ ಎರಡು ಕವಲುಗಳ ನಡುವಿನ ಈ ನಡುಗಡ್ಡೆಯಲ್ಲಿಯೇ. ಆದ್ದರಿಂದ ಈ ಲೇಖನದಲ್ಲಿ ಮೈಸೂರನ್ನು ಬೇಕೆಂದೇ ಬಿಟ್ಟಿದ್ದೇನೆ. ಬೆಳಿಗ್ಗೆ ಬೆಂಗಳೂರು ಬಿಟ್ಟು, ಹಗಲೆಲ್ಲ ಶ್ರೀರಂಗಪಟ್ಟಣದಲ್ಲಿದ್ದು, ರಾತ್ರಿ ಮನೆ ಸೇರುವ ಪ್ರವಾಸ ಇದು.

ಹೊರಡುವ ಮೊದಲು ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಅಲ್ಲಿ ಕಾಣುವ ಪ್ರತಿಯೊಂದು ಕಲ್ಲಿಗೂ ಅರ್ಥ ಬರುತ್ತದೆ: ಈ ಊರಿನ ಚರಿತ್ರೆಯನ್ನು ನಡೆಸಿದ್ದು ಹೊಳೆಯ ನೀರಿನ ಮಟ್ಟ. ಮಳೆಗಾಲದಲ್ಲಿ ಕಾವೇರಿ ತುಂಬಿ ಹರಿದರೆ ಯಾವ ಸೈನ್ಯವೂ ಕೋಟೆಯ ಹತ್ತಿರ ಸುಳಿಯುವಂತಿರಲಿಲ್ಲ. 1791ರ ಮೇ ತಿಂಗಳಿನಲ್ಲಿ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಊರಿನ ಹೊಸ್ತಿಲವರೆಗೆ ಬಂದು, ದವಸವಿಲ್ಲದೆ, ಬಂಡಿ ಎಳೆಯುವ ಎತ್ತುಗಳೂ ಸತ್ತು, ಮಳೆಯೂ ಹಿಡಿದುಕೊಂಡಾಗ, ತನ್ನ ದೊಡ್ಡ ಫಿರಂಗಿಗಳನ್ನು ತಾನೇ ನಾಶಮಾಡಿ ಹಿಂದಿರುಗಬೇಕಾಯಿತು. 1799ರಲ್ಲಿ ಬ್ರಿಟಿಷರು ಮುಂಗಾರು ಶುರುವಾಗುವುದಕ್ಕೆ ಮೊದಲೇ ಕೆಲಸ ಮುಗಿಸಬೇಕೆಂದು ಅವಸರಪಟ್ಟದ್ದು ಇದೇ ಕಾರಣಕ್ಕೆ. ಮೇ 4ರ ಮಧ್ಯಾಹ್ನ ಅವರ ಸೈನಿಕರು ಕಲ್ಲುಬಂಡೆಗಳು ಎದ್ದು ಕಾಣುತ್ತಿದ್ದ ಹೊಳೆಯ ಪಾತ್ರವನ್ನು ದಾಟಿ ಕೋಟೆಗೆ ನುಗ್ಗಿದರು.

ಯಾವಾಗ ಹೋಗಬೇಕು

ಅಕ್ಟೋಬರಿನಿಂದ ಫೆಬ್ರವರಿಯವರೆಗಿನ ದಿನಗಳು ಒಳ್ಳೆಯವು. ಹೊಳೆಯಲ್ಲಿ ನೀರಿರುತ್ತದೆ, ಬಿಸಿಲು ಹಿತವಾಗಿರುತ್ತದೆ, ಸುತ್ತಲಿನ ಗದ್ದೆಗಳು ಹಸಿರಾಗಿರುತ್ತವೆ. ಏಪ್ರಿಲ್ ಮತ್ತು ಮೇ ತಿಂಗಳಿನಲ್ಲಿ ಕೋಟೆಯ ಬಯಲಿನಲ್ಲಿ ನಡೆಯುವುದು ಕಷ್ಟ, ವಯಸ್ಸಾದವರನ್ನೂ ಮಕ್ಕಳನ್ನೂ ಕರೆದೊಯ್ಯುವವರು ಆ ತಿಂಗಳುಗಳನ್ನು ಬಿಡುವುದೇ ಲೇಸು. ಮಳೆಗಾಲದಲ್ಲಿ ಕನ್ನಂಬಾಡಿ ಕಟ್ಟೆಯಿಂದ ಹೆಚ್ಚು ನೀರು ಬಿಟ್ಟಾಗ ಸ್ನಾನಘಟ್ಟಗಳೂ ಸಂಗಮದ ಮೆಟ್ಟಿಲುಗಳೂ ಮುಳುಗುತ್ತವೆ, ಹೊಳೆಯ ದಂಡೆಗೆ ಪ್ರವೇಶ ನಿರ್ಬಂಧಿಸುತ್ತಾರೆ. ಜುಲೈ, ಆಗಸ್ಟ್ ತಿಂಗಳಲ್ಲಿ ಹೊರಡುವವರು ಹಿಂದಿನ ದಿನದ ಪತ್ರಿಕೆಯಲ್ಲಿ ಕಟ್ಟೆಯ ಹೊರಹರಿವಿನ ಸುದ್ದಿಯನ್ನು ನೋಡಿಕೊಂಡು ಹೊರಡಬೇಕು.

ವಾರದ ದಿನವೇ ಸೂಕ್ತ. ಅಮಾವಾಸ್ಯೆಯ ದಿನ ಪಿತೃಕಾರ್ಯಕ್ಕೆ ಬರುವವರಿಂದಲೂ ಗಂಜಾಮಿನ ನಿಮಿಷಾಂಬ ದೇವಸ್ಥಾನದ ಭಕ್ತರಿಂದಲೂ ರಸ್ತೆಗಳು ತುಂಬಿರುತ್ತವೆ, ಮಹಾಲಯ ಅಮಾವಾಸ್ಯೆಯಂದಂತೂ ಹೇಳುವುದೇ ಬೇಡ. ಮಕರ ಸಂಕ್ರಾಂತಿಯ ಸಂಜೆ ರಂಗನಾಥಸ್ವಾಮಿ ದೇವಸ್ಥಾನದಲ್ಲಿ ಲಕ್ಷದೀಪೋತ್ಸವ ನಡೆಯುತ್ತದೆ, ರಥಸಪ್ತಮಿಯಂದು ತೇರು. ಉತ್ಸವವನ್ನೇ ನೋಡಲು ಬರುವವರಿಗೆ ಅವು ಅಪೂರ್ವವಾದ ದಿನಗಳು, ಕೋಟೆಯನ್ನು ನಿಧಾನವಾಗಿ ಸುತ್ತಬೇಕೆನ್ನುವವರಿಗೆ ಮಾತ್ರ ಅಲ್ಲ.

ಹೋಗುವ ದಾರಿ

ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಸುಮಾರು 125 ಕಿಲೋಮೀಟರ್. ನನ್ನ ಮೊದಲ ಆಯ್ಕೆ ರೈಲು. ಬೆಂಗಳೂರು–ಮೈಸೂರು ಹಳಿ ನಡುಗಡ್ಡೆಯ ಮೇಲೆಯೇ ಹಾದುಹೋಗುತ್ತದೆ, ನಿಲ್ದಾಣದಲ್ಲಿ ಇಳಿದರೆ ದೇವಸ್ಥಾನಕ್ಕೆ ನಡೆದೇ ಹೋಗಬಹುದು. ಶತಾಬ್ದಿ, ವಂದೇ ಭಾರತ್‌ನಂತಹ ವೇಗದ ಗಾಡಿಗಳು ಇಲ್ಲಿ ನಿಲ್ಲುವುದಿಲ್ಲವಾದ್ದರಿಂದ ಟಿಕೆಟ್ ತೆಗೆಯುವಾಗ ಮೈಸೂರಿಗೆಂದು ತೆಗೆಯದೆ, ಶ್ರೀರಂಗಪಟ್ಟಣವನ್ನೇ ನಮೂದಿಸಿ, ಆ ಗಾಡಿಗೆ ಅಲ್ಲಿ ನಿಲುಗಡೆ ಇದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಿ. ಬೆಳಗಿನ ಗಾಡಿಯನ್ನೇ ಹಿಡಿಯಬೇಕು, ಹತ್ತು ಗಂಟೆಯ ಮೇಲೆ ಇಳಿದರೆ ಮುಂದಿನ ಯೋಜನೆಯೆಲ್ಲ ಇಕ್ಕಟ್ಟಾಗುತ್ತದೆ.

ಬಸ್ಸಿನಲ್ಲಿ ಬರುವವರು ಮೈಸೂರು ರಸ್ತೆಯ ಸ್ಯಾಟಲೈಟ್ ಬಸ್ ನಿಲ್ದಾಣದಿಂದ ಹೊರಡಬೇಕು. ಮೈಸೂರಿಗೆ ಹೋಗುವ ತಡೆರಹಿತ ಬಸ್ಸುಗಳು ಎಕ್ಸ್‌ಪ್ರೆಸ್‌ವೇ ಹಿಡಿದು ಊರಿನ ಹೊರಗಿನಿಂದಲೇ ದಾಟಿಬಿಡುವುದರಿಂದ, ಹತ್ತುವ ಮೊದಲು ನಿರ್ವಾಹಕರನ್ನು ಕೇಳಿಕೊಳ್ಳುವುದು ಅಗತ್ಯ. ಮಂಡ್ಯದ ಮೂಲಕ ಊರೂರು ನಿಂತು ಹೋಗುವ ಸಾಮಾನ್ಯ ಬಸ್ಸು ನಿಧಾನವಾದರೂ ಶ್ರೀರಂಗಪಟ್ಟಣದೊಳಗೇ ಇಳಿಸುತ್ತದೆ, ಕರ್ನಾಟಕದ ಮಹಿಳೆಯರಿಗೆ ಶಕ್ತಿ ಯೋಜನೆಯ ಉಚಿತ ಪ್ರಯಾಣವೂ ಸಾಮಾನ್ಯ ಬಸ್ಸುಗಳಿಗೇ ಅನ್ವಯಿಸುತ್ತದೆ. ಗುರುತಿನ ಚೀಟಿ ಕೈಯಲ್ಲಿರಲಿ.

ಕಾರಿನವರು 2023ರಲ್ಲಿ ಉದ್ಘಾಟನೆಯಾದ ಎಕ್ಸ್‌ಪ್ರೆಸ್‌ವೇಯಲ್ಲಿ ಬಂದರೆ ಎರಡು ಗಂಟೆಯೊಳಗೆ ತಲುಪಬಹುದು. ಎರಡು ಕಡೆ ಟೋಲ್ ಕಟ್ಟಬೇಕಾಗುತ್ತದೆ, ಎರಡನೆಯದಾದ ಗಣಂಗೂರು ಟೋಲ್ ಬಂದಿತೆಂದರೆ ಶ್ರೀರಂಗಪಟ್ಟಣ ಹತ್ತಿರವಾಯಿತೆಂದು ತಿಳಿದು, ಬೈಪಾಸಿಗೆ ಹತ್ತದೆ ಫಲಕ ನೋಡಿ ಊರಿನ ಕಡೆಗೆ ತಿರುಗಬೇಕು. 2023ರ ಆಗಸ್ಟ್ 1ರಿಂದ ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ, ಬೈಕಿನಲ್ಲಿ ಬರುವವರು ಸರ್ವಿಸ್ ರಸ್ತೆಯನ್ನೇ ಬಳಸಬೇಕು. ಆ ರಸ್ತೆಯಲ್ಲಿ ಬರುವವರಿಗೆ ಬಿಡದಿಯ ತಟ್ಟೆ ಇಡ್ಲಿ ತಿನ್ನಲು ಸಮಯವಿರುತ್ತದೆ ಎಂಬುದು ಒಂದು ಲಾಭ.

ಮೊದಲು ದೇವಸ್ಥಾನ

ಊರು ತಲುಪಿದ ಕೂಡಲೇ ರಂಗನಾಥಸ್ವಾಮಿ ದೇವಸ್ಥಾನಕ್ಕೆ ಹೋಗಬೇಕು. ಮಧ್ಯಾಹ್ನ ಬಾಗಿಲು ಹಾಕಿದರೆ ಮತ್ತೆ ತೆರೆಯುವುದು ಸಂಜೆಗೆ, ಆಗ ನೀವು ನಡುಗಡ್ಡೆಯ ಇನ್ನೊಂದು ತುದಿಯಲ್ಲಿರುತ್ತೀರಿ. ಊರಿಗೆ ಹೆಸರು ಕೊಟ್ಟವನು ಈ ರಂಗನಾಥ. ಗಂಗರ ಕಾಲದಲ್ಲಿ, 894ರಲ್ಲಿ, ತಿರುಮಲಯ್ಯನೆಂಬ ಸಾಮಂತ ಮೂಲ ಗುಡಿಯನ್ನು ಕಟ್ಟಿಸಿದನೆಂದು ಹೇಳಲಾಗುತ್ತದೆ. ಹೊಯ್ಸಳರು, ವಿಜಯನಗರದವರು, ಒಡೆಯರು ಒಬ್ಬರಾದ ಮೇಲೊಬ್ಬರು ಬೆಳೆಸುತ್ತ ಹೋದರು. ಶಿವನಸಮುದ್ರದ ಮಧ್ಯರಂಗ, ತಮಿಳುನಾಡಿನ ಶ್ರೀರಂಗದ ಅಂತ್ಯರಂಗಗಳಿಗೆ ಇವನು ಆದಿರಂಗ. ಆದಿಶೇಷನ ಮೇಲೆ ಪವಡಿಸಿದ ಮೂರ್ತಿಯ ಪಾದದ ಬಳಿ ಕಾವೇರಿಯೇ ಕುಳಿತಿದ್ದಾಳೆ, ದರ್ಶನದ ಸಾಲಿನಲ್ಲಿ ಸಿಗುವ ಕೆಲವೇ ಕ್ಷಣಗಳಲ್ಲಿ ಆಕೆಯನ್ನು ಗಮನಿಸಲು ಮರೆಯಬೇಡಿ. ವಿಷ್ಣುವಿನ ಇಪ್ಪತ್ನಾಲ್ಕು ರೂಪಗಳನ್ನು ಕಡೆದಿರುವ ಕಂಬಗಳನ್ನೂ ಬಹಳ ಜನ ನೋಡದೆ ಹೋಗುತ್ತಾರೆ.

ದೇವಸ್ಥಾನದಿಂದ ಹೊರಬಂದವರು ನೇರವಾಗಿ ಅಂಗಡಿ ಸಾಲಿನ ಕಡೆಗೆ ನಡೆಯುವ ಬದಲು ಸುತ್ತಲಿನ ಬಯಲನ್ನು ಒಮ್ಮೆ ಕಣ್ಣಾಡಿಸಬೇಕು. ಸಮೀಪದಲ್ಲೇ ಟಿಪ್ಪುವಿನ ಲಾಲ್ ಮಹಲ್ ಇತ್ತು, ಈಗ ಅಡಿಪಾಯದ ಗುರುತುಗಳು ಮಾತ್ರ ಉಳಿದಿವೆ. ಕೋಟೆ ಬಿದ್ದ ನಂತರ ಆ ಅರಮನೆಯನ್ನು ಕೆಡವಿದರು. ಅದರ ತೇಗದ ತೊಲೆಗಳು ಊಟಿಯವರೆಗೆ ಹೋಗಿ ಅಲ್ಲಿನ ಸೇಂಟ್ ಸ್ಟೀಫನ್ ಚರ್ಚಿನ ಮಾಡನ್ನು ಹೊತ್ತವು. ಸುಲ್ತಾನನ ಅರಮನೆ ರಂಗನಾಥನ ಗೋಪುರಕ್ಕೆ ಇಷ್ಟು ಹತ್ತಿರವಿತ್ತು ಎನ್ನುವುದನ್ನು ಪುಸ್ತಕದಲ್ಲಿ ಓದುವುದಕ್ಕಿಂತ ಅಲ್ಲಿ ನಿಂತು ನೋಡಿದಾಗ ಚೆನ್ನಾಗಿ ಅರ್ಥವಾಗುತ್ತದೆ.

ಒಡೆಯರ ಹೆಜ್ಜೆಗುರುತುಗಳಿಗಾಗಿ ಇಲ್ಲಿ ಅರ್ಧ ಗಂಟೆ ಹೆಚ್ಚಿಗೆ ಇಟ್ಟುಕೊಳ್ಳಿ ಎಂದು ಒತ್ತಿ ಹೇಳುತ್ತೇನೆ, ಏಕೆಂದರೆ ಪ್ರವಾಸಿ ಬಸ್ಸುಗಳು ಇವುಗಳಲ್ಲಿ ಒಂದನ್ನೂ ತೋರಿಸುವುದಿಲ್ಲ. ವಿಜಯನಗರದ ಪ್ರತಿನಿಧಿಯಿಂದ ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡ ರಾಜ ಒಡೆಯರು 1610ರಲ್ಲಿ ಇಲ್ಲಿಯೇ ನವರಾತ್ರಿಯ ಉತ್ಸವವನ್ನು ರಾಜಮರ್ಯಾದೆಯಿಂದ ಆರಂಭಿಸಿದರು. ಇಂದಿಗೂ ದಸರೆಯ ಸಮಯದಲ್ಲಿ ಶ್ರೀರಂಗಪಟ್ಟಣ ತನ್ನದೇ ದಸರೆಯನ್ನು ನಡೆಸುತ್ತದೆ. ಕೋಟೆಯೊಳಗಿನ ನರಸಿಂಹಸ್ವಾಮಿ ದೇವಸ್ಥಾನ ರಣಧೀರ ಕಂಠೀರವ ನರಸರಾಜ ಒಡೆಯರ ಕಾಲದ್ದು. 1638ರಿಂದ 1659ರವರೆಗೆ ಆಳಿ, ತಮ್ಮ ಹೆಸರಿನ ಕಂಠೀರಾಯಿ ಹಣವನ್ನು ಟಂಕಿಸಿದ ಆ ದೊರೆಯ ನಿಂತ ಭಂಗಿಯ ಶಿಲಾಮೂರ್ತಿ ಈ ಗುಡಿಯಲ್ಲಿದೆ. ಉಡುಪು, ಒಡವೆ, ಮುಖದ ಗತ್ತು ಎಲ್ಲವನ್ನೂ ಶಿಲ್ಪಿ ಎಷ್ಟು ಶ್ರದ್ಧೆಯಿಂದ ಕಡೆದಿದ್ದಾನೆಂದರೆ, ಈ ಇಡೀ ದಿನದಲ್ಲಿ ಒಬ್ಬ ಒಡೆಯರನ್ನು ಮುಖಾಮುಖಿ ಕಂಡಂತಾಗುವ ಜಾಗ ಇದೊಂದೇ. ಹತ್ತಿರದಲ್ಲೇ ಗಂಗಾಧರೇಶ್ವರ ದೇವಸ್ಥಾನವಿದೆ, 1794ರಲ್ಲಿ ಹುಟ್ಟಿದ ಮುಮ್ಮಡಿ ಕೃಷ್ಣರಾಜ ಒಡೆಯರ ಜನ್ಮಸ್ಥಳದ ಸ್ಮಾರಕವೂ ಇದೆ. ಟಿಪ್ಪು ಮಡಿದ ನಂತರ ಐದು ವರ್ಷದ ಈ ಮಗುವನ್ನೇ ಪಟ್ಟಕ್ಕೆ ಕೂರಿಸಿ, ರಾಜಧಾನಿಯನ್ನು ಮೈಸೂರಿಗೆ ಒಯ್ದರು.

ಕೋಟೆಯ ಅಂಚಿನಲ್ಲಿ ನಡಿಗೆ

ಇನ್ನು ಕೋಟೆಯನ್ನು ಕಾಲ್ನಡಿಗೆಯಲ್ಲೇ ನೋಡಬೇಕು. ಪಶ್ಚಿಮದಿಂದ ಆರಂಭಿಸಿ ಉತ್ತರದ ಗೋಡೆಯ ಬದಿಯಲ್ಲಿ ಪೂರ್ವಕ್ಕೆ ಬರುವುದು ಸರಿಯಾದ ಕ್ರಮ, ಏಕೆಂದರೆ 1799ರ ಮೇ 4ರ ಕಾಳಗವೂ ಹೆಚ್ಚುಕಡಿಮೆ ಇದೇ ದಿಕ್ಕಿನಲ್ಲಿ ಸಾಗಿತು.

ವಾಯವ್ಯ ಮೂಲೆಯಲ್ಲಿ ಹೊಳೆಯ ದಂಡೆಯ ಮೇಲೆ ಒಂದು ಎತ್ತರದ ಸ್ಮಾರಕ ಸ್ತಂಭವಿದೆ. ಫಿರಂಗಿ ಗುಂಡುಗಳಿಂದ ಗೋಡೆ ಒಡೆದ ಜಾಗದ ಸಮೀಪದಲ್ಲಿ, ಮಡಿದ ಬ್ರಿಟಿಷ್ ಪಡೆಯವರ ನೆನಪಿಗೆಂದು 1907ರಲ್ಲಿ ಮೈಸೂರು ಸರ್ಕಾರವೇ ಇದನ್ನು ನಿಲ್ಲಿಸಿತು. ಕೋಟೆಯನ್ನು ಕಾಯುತ್ತ ಅದೇ ದಿನ ಸಾವಿರಾರು ಸಂಖ್ಯೆಯಲ್ಲಿ ಸತ್ತ ಮೈಸೂರಿನವರ ಹೆಸರು ಆ ಕಲ್ಲಿನ ಮೇಲೆ ಇಲ್ಲವೆಂಬುದನ್ನು ನೆನಪಿನಲ್ಲಿಟ್ಟುಕೊಂಡು ಅದನ್ನು ಓದಬೇಕು. ಅಲ್ಲಿಂದ ಹೊಳೆಯ ಕಡೆಗೆ ನೋಡಿದರೆ ಪಾತ್ರದ ಅಗಲ, ಬಂಡೆಗಳು, ಎದುರು ದಂಡೆಯ ದೂರ ಎಲ್ಲವೂ ಕಣ್ಣಿಗೆ ಬೀಳುತ್ತವೆ, ಹೊಳೆಯೇ ಕೋಟೆಯ ಮೊದಲ ಕಂದಕವಾಗಿತ್ತು ಎನ್ನುವುದು ವಿವರಣೆಯಿಲ್ಲದೆ ತಿಳಿಯುತ್ತದೆ.

ಉತ್ತರದ ಗೋಡೆಯ ಬಳಿ ಬ್ರಿಟಿಷ್ ಸೇನಾಧಿಕಾರಿ ಕರ್ನಲ್ ಬೇಯ್ಲಿಯ ಹೆಸರಿನ ಸೆರೆಮನೆ ಸಿಗುತ್ತದೆ. ನೆಲಮಟ್ಟಕ್ಕಿಂತ ಕೆಳಗೆ, ಗಾರೆಯ ಕಮಾನುಗಳ ಈ ಕೋಣೆಯ ಗೋಡೆಗಳಲ್ಲಿ ಕೈದಿಗಳನ್ನು ಸರಪಳಿಯಿಂದ ಬಿಗಿಯುತ್ತಿದ್ದ ಕಲ್ಲುಗಳು ಇನ್ನೂ ಇವೆ. 1780ರ ಪೊಳ್ಳಿಲೂರು ಕದನದಲ್ಲಿ ಹೈದರ್ ಮತ್ತು ಟಿಪ್ಪುವಿನ ಸೈನ್ಯಕ್ಕೆ ಸೆರೆಸಿಕ್ಕ ಬೇಯ್ಲಿ 1782ರಲ್ಲಿ ಶ್ರೀರಂಗಪಟ್ಟಣದಲ್ಲೇ ತೀರಿಕೊಂಡನು. ಈ ಹೆಸರನ್ನು ನೆನಪಿಡಿ, ಮಧ್ಯಾಹ್ನ ದರಿಯಾ ದೌಲತ್ತಿನ ಗೋಡೆಯ ಮೇಲೆ ಅವನನ್ನು ಮತ್ತೆ ಕಾಣುವಿರಿ. ಮುಂದೆ ನಡೆದರೆ ನೀರು ಬಾಗಿಲು, ಅದಕ್ಕೆ ಸಮೀಪದಲ್ಲಿ ಟಿಪ್ಪುವಿನ ದೇಹ ಸಿಕ್ಕಿದ ಸ್ಥಳವನ್ನು ಗುರುತಿಸುವ ಸರಳವಾದ ಕಲ್ಲು. ಕತ್ತಲಾದ ಮೇಲೆ ದೀಪ ಹಿಡಿದು, ಹೆಣಗಳ ರಾಶಿಯಲ್ಲಿ ಹುಡುಕಿ ಸುಲ್ತಾನನನ್ನು ಗುರುತಿಸಿದ ಜಾಗ ಇದು. ಇಲ್ಲಿ ಐದು ನಿಮಿಷ ಸುಮ್ಮನೆ ನಿಲ್ಲುವುದು ಸೌಜನ್ಯವೆಂದು ನನ್ನ ಭಾವನೆ, ಕಲ್ಲಿನ ಮೇಲೆ ಹತ್ತಿ ಫೋಟೊ ತೆಗೆಸಿಕೊಳ್ಳುವುದು ಶೋಭೆಯಲ್ಲ.

ಪೂರ್ವದ ಬೆಂಗಳೂರು ಬಾಗಿಲಿನ ಪಕ್ಕದಲ್ಲಿ ಎರಡು ಎತ್ತರದ ಮಿನಾರುಗಳ ಜಾಮಿಯಾ ಮಸೀದಿ ಇದೆ. ಟಿಪ್ಪು ಕಟ್ಟಿಸಿದ ಈ ಮಸೀದಿಗೆ ಪಾದರಕ್ಷೆ ಬಿಟ್ಟು, ಪ್ರಾರ್ಥನೆಯ ಸಮಯ ತಪ್ಪಿಸಿ ಹೋಗಬೇಕು, ಶುಕ್ರವಾರ ಮಧ್ಯಾಹ್ನ ಹೊರಗಿನಿಂದ ನೋಡಿ ಮುಂದುವರಿಯುವುದು ಒಳ್ಳೆಯದು. ರೈಲು ಹಳಿಯ ಹತ್ತಿರ ಟಿಪ್ಪುವಿನ ಮದ್ದಿನ ಮನೆಯೊಂದಿದೆ. ಜೋಡಿ ಹಳಿ ಹಾಕಲು ಅದು ಅಡ್ಡವಾದಾಗ, ಕೆಡವುವ ಬದಲು 2017ರಲ್ಲಿ ಇಡೀ ಕಟ್ಟಡವನ್ನು ಬುಡಸಮೇತ ಎತ್ತಿ, ನೂರು ಮೀಟರಿಗೂ ಹೆಚ್ಚು ದೂರಕ್ಕೆ ಸರಿಸಿ ಕೂರಿಸಿದರು. ಸಮಯವಿದ್ದರೆ ನೋಡಬಹುದು.

ದೇವಸ್ಥಾನವೂ ಸೇರಿ ಕೋಟೆಯೊಳಗೆ ಮೂರು ಗಂಟೆ ಬೇಕಾಗುತ್ತದೆ. ನೆರಳು ಕಡಿಮೆ, ಆದ್ದರಿಂದ ಟೋಪಿ, ನೀರಿನ ಬಾಟಲಿ, ಸುಲಭವಾಗಿ ಬಿಚ್ಚಿ ಹಾಕಬಹುದಾದ ಗಟ್ಟಿ ಚಪ್ಪಲಿ ಇರಲಿ. ಊಟಕ್ಕೆ ಹಳೆಯ ಬೆಂಗಳೂರು–ಮೈಸೂರು ರಸ್ತೆಯ ಬದಿಯಲ್ಲಿ ಹೋಟೆಲುಗಳಿವೆ, ಹೊಳೆಯ ದಂಡೆಯಲ್ಲಿ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಮಯೂರ ರಿವರ್ ವ್ಯೂ ಕೂಡ ಇದೆ.

ಮಧ್ಯಾಹ್ನ: ದರಿಯಾ ದೌಲತ್

ಕೋಟೆಯ ಹೊರಗಿನ ಸ್ಥಳಗಳು ಒಂದಕ್ಕೊಂದು ದೂರ. ಸ್ವಂತ ವಾಹನವಿಲ್ಲದವರು ಬಸ್ ನಿಲ್ದಾಣದ ಬಳಿ ಆಟೊ ಮಾತನಾಡಿಕೊಳ್ಳಬೇಕು. ದರಿಯಾ ದೌಲತ್, ಗುಂಬಜ್, ಸಂಗಮ, ನಿಮಿಷಾಂಬ ಎಲ್ಲವೂ ಸೇರಿ, ಕಾಯುವ ಹೊತ್ತೂ ಸೇರಿ ಎಷ್ಟು ಎಂದು ಮೊದಲೇ ಸ್ಪಷ್ಟವಾಗಿ ಕೇಳಿ, ಒಪ್ಪಿಕೊಂಡ ಮೇಲೆಯೇ ಹತ್ತಿ. ಒಂದೊಂದು ಸ್ಥಳಕ್ಕೆ ಬೇರೆ ಬೇರೆ ಆಟೊ ಹಿಡಿಯುತ್ತ ಹೋದರೆ ಹಣವೂ ಹೊತ್ತೂ ಹೆಚ್ಚು ಹೋಗುತ್ತವೆ.

ದರಿಯಾ ದೌಲತ್ ಬಾಗನ್ನು ಬಿಸಿಲು ನೆತ್ತಿಯ ಮೇಲಿರುವ ಹೊತ್ತಿಗೇ ಇಟ್ಟುಕೊಳ್ಳಲು ಹೇಳುವುದಕ್ಕೆ ಕಾರಣವಿದೆ: ಇದು ಟಿಪ್ಪುವಿನ ಬೇಸಿಗೆಯ ಅರಮನೆ. 1784ರಲ್ಲಿ ಪೂರ್ಣಗೊಂಡ, ಬಹುಪಾಲು ತೇಗದ ಮರದಿಂದಲೇ ಕಟ್ಟಿದ ಈ ಕಟ್ಟಡದ ಅಗಲವಾದ ಜಗಲಿಗಳೊಳಗೆ ಕಾಲಿಟ್ಟ ಕೂಡಲೇ ಸೆಕೆ ಇಳಿಯುತ್ತದೆ. ಕೇಂದ್ರ ಪುರಾತತ್ವ ಇಲಾಖೆಯ ಅಧೀನದಲ್ಲಿರುವುದರಿಂದ ಪ್ರವೇಶಕ್ಕೆ ಟಿಕೆಟ್ ಇದೆ, ಹದಿನೈದು ವರ್ಷದೊಳಗಿನ ಮಕ್ಕಳಿಗೆ ಉಚಿತ. ಒಳಗಿನ ಫೋಟೊ ವಿಚಾರದಲ್ಲಿ ಅಲ್ಲಿನ ಸಿಬ್ಬಂದಿಯ ಮಾತನ್ನು ಕೇಳಿ ನಡೆಯಿರಿ. ವರ್ಣಗಳ ಹಿತದೃಷ್ಟಿಯಿಂದ ಫ್ಲ್ಯಾಶ್ ಅಂತೂ ಯಾರೂ ಬಳಸಬಾರದು.

ಪಶ್ಚಿಮ ಗೋಡೆಯ ಮುಂದೆ ಕನಿಷ್ಠ ಅರ್ಧ ಗಂಟೆ ಕಳೆಯಿರಿ. ಒಂದು ಕಡೆ ಹೈದರ್ ಮತ್ತು ಟಿಪ್ಪುವಿನ ಸವಾರಿ ಸಾಗುತ್ತಿದೆ, ಇನ್ನೊಂದು ಕಡೆ ಪೊಳ್ಳಿಲೂರಿನ ಯುದ್ಧ. ಕೆಂಪು ಅಂಗಿಯ ಬ್ರಿಟಿಷ್ ಸೈನಿಕರು ಚೌಕಾಕಾರದ ವ್ಯೂಹ ಕಟ್ಟಿ ನಿಂತಿದ್ದಾರೆ, ಅವರ ನಡುವೆ ಪಲ್ಲಕ್ಕಿಯಲ್ಲಿ ಗಾಯಗೊಂಡ ಬೇಯ್ಲಿ ಕುಳಿತಿದ್ದಾನೆ, ಮದ್ದಿನ ಬಂಡಿ ಸಿಡಿದು ಬೆಂಕಿ ಎದ್ದಿದೆ, ಸುತ್ತಲೂ ಮೈಸೂರಿನ ಕುದುರೆ ಸವಾರರು ಮುತ್ತಿಕೊಂಡಿದ್ದಾರೆ. ಮೊದಲು ಹಿಂದೆ ಸರಿದು ಇಡೀ ಚಿತ್ರವನ್ನು ನೋಡಿ, ಆ ಚೌಕವನ್ನು ಗುರುತಿಸಿ, ಆಮೇಲೆ ಅಲ್ಲಿಂದ ಹೊರಕ್ಕೆ ಒಂದೊಂದೇ ಗುಂಪನ್ನು ನೋಡುತ್ತ ಹೋದರೆ ಗೊಂದಲವೆನಿಸಿದ್ದ ಗೋಡೆ ಕಥೆ ಹೇಳತೊಡಗುತ್ತದೆ. ಪೂರ್ವದ ಗೋಡೆಯಲ್ಲಿ ದೊರೆಗಳ, ಪಾಳೆಯಗಾರರ ಚಿತ್ರಗಳಿವೆ, ಬೆಂಗಳೂರಿನಿಂದ ಬಂದವರು ಅವರ ನಡುವೆ ಮಾಗಡಿ ಕೆಂಪೇಗೌಡರನ್ನೂ ಚಿತ್ರದುರ್ಗದ ಮದಕರಿ ನಾಯಕರನ್ನೂ ಹುಡುಕಿ ನೋಡಬೇಕು. 1799ರ ನಂತರ ಇದೇ ಮನೆಯಲ್ಲಿ ವಾಸಿಸಿದ್ದವನು ಆರ್ಥರ್ ವೆಲ್ಲೆಸ್ಲಿ, ಮುಂದೆ ವಾಟರ್‌ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು. ಮಾಸಿಹೋಗಿದ್ದ ಚಿತ್ರಗಳನ್ನು ಮತ್ತೆ ಬರೆಸಿದ್ದು ಬ್ರಿಟಿಷ್ ಗವರ್ನರ್ ಜನರಲ್ ಡಾಲ್‌ಹೌಸಿಯ ಆಜ್ಞೆಯಂತೆ, ಆದ್ದರಿಂದ ನೀವು ನೋಡುವ ಪ್ರತಿಯೊಂದು ರೇಖೆಯೂ ಟಿಪ್ಪುವಿನ ಕಾಲದ್ದಲ್ಲ.

ಗುಂಬಜ್, ಸಂಗಮ, ಸೇತುವೆ

ದರಿಯಾ ದೌಲತ್ತಿನಿಂದ ಪೂರ್ವಕ್ಕೆ ಗಂಜಾಂ ದಾಟಿದರೆ ಗುಂಬಜ್. ಹೈದರ್ ಅಲಿ 1782ರಲ್ಲಿ ತೀರಿಕೊಂಡ ಮೇಲೆ ತಂದೆಗಾಗಿ ಟಿಪ್ಪು ಕಟ್ಟಿಸಿದ ಸಮಾಧಿ ಇದು. ತಾಯಿ ಫಕ್ರುನ್ನಿಸಾರ ಸಮಾಧಿಯೂ ಇಲ್ಲಿದೆ, 1799ರ ಮೇ 5ರಂದು ಟಿಪ್ಪುವನ್ನೂ ಅವರ ಪಕ್ಕದಲ್ಲೇ ಮಣ್ಣು ಮಾಡಿದರು. ಸುತ್ತಲಿನ ಮೊಗಸಾಲೆಯ ಕಂಬಗಳು ಕನ್ನಡಿಯಂತೆ ಹೊಳೆಯುವ ಕಪ್ಪು ಕಲ್ಲಿನವು, ಒಳಗೋಡೆಗಳ ಮೇಲೆ ಹುಲಿಯ ಪಟ್ಟೆಗಳನ್ನು ಬರೆದಿದ್ದಾರೆ. ದಂತದ ಕುಸುರಿ ಕೆಲಸದ ಬಾಗಿಲುಗಳು ಡಾಲ್‌ಹೌಸಿ ಕೊಟ್ಟವು. ಜನರು ಇಂದಿಗೂ ಹೂವು ಹಾಕಿ ಪ್ರಾರ್ಥಿಸುವ ಜಾಗವಾದ್ದರಿಂದ ತಲೆ ಮುಚ್ಚಿಕೊಂಡು, ಮೆಲುದನಿಯಲ್ಲಿ ಮಾತನಾಡುತ್ತ ಒಳಹೋಗುವುದು ಮರ್ಯಾದೆ. ಇಳಿಬಿಸಿಲಿನಲ್ಲಿ ಬಿಳಿಯ ಗುಮ್ಮಟವೂ ಕಪ್ಪು ಕಂಬಗಳೂ ಚೆನ್ನಾಗಿ ಕಾಣುವುದರಿಂದ ನಾಲ್ಕು ಗಂಟೆಯ ಹೊತ್ತಿಗೆ ಇಲ್ಲಿರುವಂತೆ ನೋಡಿಕೊಳ್ಳಿ.

ಅಲ್ಲಿಂದ ಸ್ವಲ್ಪವೇ ಮುಂದೆ ನಡುಗಡ್ಡೆ ಮುಗಿದು ಕಾವೇರಿಯ ಎರಡು ಕವಲುಗಳು ಮತ್ತೆ ಕೂಡಿಕೊಳ್ಳುವ ಸಂಗಮ. ಕಾಲು ತೊಳೆಯಲು ಮೆಟ್ಟಿಲ ಮೇಲೆ ಕೂರುವುದಕ್ಕಿಂತ ಮುಂದೆ ಹೋಗಬೇಡಿ. ಮೇಲೆ ಶಾಂತವಾಗಿ ಕಾಣುವ ನೀರಿನ ಕೆಳಗೆ ಸುಳಿಗಳೂ ಜಾರುಬಂಡೆಗಳೂ ಇವೆ, ಈಜು ಬಲ್ಲವರೇ ಇಲ್ಲಿ ಜೀವ ಕಳೆದುಕೊಂಡಿದ್ದಾರೆ, ಈ ಹೊಳೆಯಲ್ಲಿ ಮೊಸಳೆಗಳೂ ಇವೆ. ಹಿಂದಿರುಗುವ ದಾರಿಯಲ್ಲಿ ನಿಮಿಷಾಂಬ ದೇವಸ್ಥಾನಕ್ಕೆ ಹೋಗಿಬರಬಹುದು.

ಬೆಳಕು ಇನ್ನೂ ಉಳಿದಿದ್ದರೆ ಎರಡು ಸ್ಥಳಗಳಲ್ಲಿ ಒಂದನ್ನು ಆರಿಸಿಕೊಳ್ಳಿ. ಉತ್ತರದ ಕವಲಿನ ಮೇಲಿರುವ ವೆಲ್ಲೆಸ್ಲಿ ಸೇತುವೆ 1804ರಲ್ಲಿ ದಿವಾನ್ ಪೂರ್ಣಯ್ಯನವರ ಮೇಲ್ವಿಚಾರಣೆಯಲ್ಲಿ ಕಟ್ಟಿದ್ದು. ಕಮಾನುಗಳಿಲ್ಲದೆ, ಕಲ್ಲಿನ ಕಂಬಗಳ ಸಾಲಿನ ಮೇಲೆ ಕಲ್ಲಿನ ತೊಲೆಗಳನ್ನು ಹಾಸಿ ಕಟ್ಟಿದ ಅದು ಎಷ್ಟೋ ಪ್ರವಾಹಗಳನ್ನು ಕಂಡಿದೆ. ಇನ್ನೊಂದು, ಹೊಳೆಯ ದಂಡೆಯಲ್ಲಿರುವ ಗ್ಯಾರಿಸನ್ ಸ್ಮಶಾನ. ಬ್ರಿಟಿಷರ ಪರವಾಗಿ ಕಾದಿದ ಸ್ವಿಟ್ಜರ್ಲೆಂಡಿನ ಡಿ ಮ್ಯೂರೊನ್ ದಳದ ಸೈನಿಕರೂ ಅವರ ಹೆಂಡತಿ ಮಕ್ಕಳೂ ಅಲ್ಲಿ ಮಲಗಿದ್ದಾರೆ. ಗೆದ್ದ ಮೇಲೆ ಇಲ್ಲಿ ನೆಲೆ ನಿಂತ ಬ್ರಿಟಿಷ್ ಪಡೆಯನ್ನು ಸೊಳ್ಳೆಯಿಂದ ಹರಡುವ ಚಳಿಜ್ವರ ಕಾಡಿತು, ಅದರಿಂದಾಗಿಯೇ 1809ರಲ್ಲಿ ದಂಡನ್ನು ಬೆಂಗಳೂರಿಗೆ ವರ್ಗಾಯಿಸಿದರು. ಇಂದಿನ ಬೆಂಗಳೂರು ಕಂಟೋನ್ಮೆಂಟಿನ ಮೂಲ ಶ್ರೀರಂಗಪಟ್ಟಣದ ಜ್ವರದಲ್ಲಿದೆ ಎಂಬುದನ್ನು ಶಿವಾಜಿನಗರದವರೂ ಹಲಸೂರಿನವರೂ ಬಂದು ನೋಡಿ ತಿಳಿಯಬೇಕು. ನನ್ನ ಮಟ್ಟಿಗೆ ಸ್ಮಶಾನವೇ ಮೊದಲು, ಸೇತುವೆ ನಂತರ.

ರಂಗನತಿಟ್ಟು, ಬೃಂದಾವನ ಉದ್ಯಾನಗಳನ್ನು ಇದೇ ದಿನಕ್ಕೆ ತುರುಕಬೇಡಿ, ಅವುಗಳಿಗೆ ಬೇರೆ ದಿನವೇ ಬೇಕು. ಕತ್ತಲಾಗುವ ಮೊದಲು ಬಸ್ ನಿಲ್ದಾಣಕ್ಕೆ ಅಥವಾ ರೈಲು ನಿಲ್ದಾಣಕ್ಕೆ ಹಿಂದಿರುಗಿ. ಬೆಂಗಳೂರಿನ ಬಸ್ಸುಗಳು ಮೈಸೂರಿನಿಂದಲೇ ತುಂಬಿ ಬರುವುದರಿಂದ ಭಾನುವಾರ ಸಂಜೆ ಇಲ್ಲಿ ಸೀಟು ಸಿಗುವುದು ಕಷ್ಟ. ಅಂತಹ ದಿನ ಮೊದಲು ಮಂಡ್ಯಕ್ಕೆ ಹೋಗುವ ಬಸ್ಸು ಹತ್ತಿ, ಅಲ್ಲಿಂದ ಬೆಂಗಳೂರಿಗೆ ಬದಲಾಯಿಸಿಕೊಂಡರೆ ಕುಳಿತು ಬರಬಹುದು.